ಹಿಮದಲ್ಲಿ ಒಡೆಯದ ಕುಂಬಳಕಾಯಿ

ಉತ್ತರ ಧ್ರುವದ ಕಡೆಯ ಹಿಮದೂರು ಲುಲೆಯೊದ ಹೊರಬಡಾವಣೆಯಲ್ಲಿ ಆ ಮೂಲೆ ಅಂಗಡಿಯನ್ನು ನಾನು ಬಾಡಿಗೆಗೆ ಹಿಡಿದಾಗ, ಪಕ್ಕದ ಗಡಿಯಾರ ರಿಪೇರಿಯ ಮುದುಕರು ತಲೆ ಅಲ್ಲಾಡಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರ್ಖಾನೆ ಕೆಲಸದವರಿಗೆಂದು ಇಲ್ಲಿ ಸಾಲುಸಾಲು ಮನೆಗಳೆದ್ದವಂತೆ. ನಡುವೆ ಒಂದು ಚೌಕ ಬಿಟ್ಟು ಸುತ್ತ ಅಂಗಡಿ ಕಟ್ಟಿದರಂತೆ. ಹಾಲು, ಚಪ್ಪಲಿ, ಸೂಜಿ ದಾರ ಎಲ್ಲವೂ ಅಲ್ಲೇ. ಅವರ ತಂದೆ ಮೊದಲ ದಿನವೇ ಬಾಗಿಲು ತೆರೆದವರು. ಆಮೇಲೆ ಊರಾಚೆ ದೊಡ್ಡ ಮಾಲ್ ಬಂತು, ಜನ ಕಾರು ಹತ್ತಿ ಅಲ್ಲಿಗೆ ಹೋದರು. ನನ್ನ ಮೂಲೆಯಲ್ಲಿ ಮೀನಿನವನು ಮುಚ್ಚಿದ, ವಿಡಿಯೊ ಕ್ಯಾಸೆಟ್ಟಿನವನು ಮುಚ್ಚಿದ. ಬಿಸಿಲು ಕಾಣದವರನ್ನು ದೀಪದ ಕೆಳಗೆ ಮಲಗಿಸಿ ಮೈಗೆ ಬಣ್ಣ ಬರಿಸುತ್ತಿದ್ದವಳೂ ಮುಚ್ಚಿದಳು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಬೆಂಗಳೂರಿನ ದರ್ಶಿನಿಯಲ್ಲಿ ಕಾವಲಿಯ ಮುಂದೆ ನಿಂತವನು. ಅಡುಗೆಯವನಾಗಿ ಇಲ್ಲಿಗೆ ಬಂದು, ಬೇರೆಯವರ ಹೋಟೆಲಿನಲ್ಲಿ ದುಡಿದು, ಈಗ ಸ್ವಂತದ್ದು ಮಾಡುತ್ತಿದ್ದೆ. ಕೈಯಲ್ಲಿ ಕೆಲಸ ಇರುವವನಿಗೆ ಹೆದರಿಕೆ ಯಾಕೆ? ಆದರೆ ಕಟ್ಟಡದ ಒಡತಿ ವಸಂತದವರೆಗೆ ಮಾತ್ರ ಕರಾರು ಕೊಟ್ಟಿದ್ದರು. ಅಷ್ಟರೊಳಗೆ ಜನ ಬರದಿದ್ದರೆ ನನಗೂ ಬೀಗ.

ಮೂಲೆಯ ಕಥೆ ಕೇಳಿದ ನನ್ನ ಹೆಂಡತಿಗೆ ಅನುಮಾನವೇ ಉಳಿಯಲಿಲ್ಲ.

“ಈ ಜಾಗಕ್ಕೆ ದೃಷ್ಟಿ ಆಗಿದೆ ರೀ. ಕುಂಬಳಕಾಯಿ ಒಡೀದೆ ಬಾಗಿಲು ತೆಗೆಯೋ ಹಾಗಿಲ್ಲ.”

“ಬೂದುಗುಂಬಳ ಎಲ್ಲಿಂದ ತರ್ಲಿ ಇಲ್ಲಿ?”

“ಸಿಹಿಗುಂಬಳಾನೇ ತನ್ನಿ. ದೃಷ್ಟಿಗೇನು ಗೊತ್ತಾಗತ್ತೆ?”

ಜನವರಿಯ ಒಂದು ಬೆಳಿಗ್ಗೆ, ಕಾಯಿಗೆ ತೂತು ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಬಾಗಿಲಿಗೆ ನಿವಾಳಿಸಿ, ಎತ್ತಿ ಒಗೆದೆ. ಒಡೆಯಲಿಲ್ಲ. ಮಂಡಿಯುದ್ದ ಹಿಮದಲ್ಲಿ ಸದ್ದಿಲ್ಲದೆ ಹೂತುಹೋಯಿತು. ಅಗೆದು ತೆಗೆದು ಮತ್ತೆ ಒಗೆದೆ, ಮತ್ತೆ ಹೂತಿತು. ಮುದುಕರು ತಮ್ಮ ಕಿಟಕಿಯಿಂದ ನೋಡುತ್ತಿದ್ದವರು ಸಲಿಕೆ ಹಿಡಿದು ಬಂದರು. ನೆಲದ ಕಲ್ಲು ಕಾಣುವಷ್ಟು ಹಿಮ ಸರಿಸಿ, ಪಕ್ಕಕ್ಕೆ ನಿಂತರು. ಈ ಸಲ ಕಾಯಿ ಚೂರುಚೂರು. ಕುಂಕುಮ ಸುತ್ತಲಿನ ಹಿಮಕ್ಕೆಲ್ಲ ಹಾರಿತು. ಹೋಳುಗಳನ್ನು ಬಾಚಿದೆವು, ಕೆಂಪು ಮಾತ್ರ ಅಲ್ಲೇ ಹೆಪ್ಪುಗಟ್ಟಿತು.

ಅದನ್ನು ಕಂಡ ದಾರಿಹೋಕರೆಲ್ಲ ಯಾರಿಗೆ ಪೆಟ್ಟಾಯಿತು ಎಂದು ಕೇಳಲು ನಮ್ಮ ಬಾಗಿಲು ತಳ್ಳಿದರು. ಆ ಚಳಿಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಮಾತಾಡುವುದುಂಟೇ? ಒಳಗೆ ಕೂರಿಸಿದೆವು. ಫಿಕಾ ಅನ್ನುವ ಅವರ ಕಾಫಿ ವಿರಾಮದ ಹೊತ್ತಿಗೆ ನಮ್ಮ ಫಿಲ್ಟರ್ ಕಾಫಿ ಹೊಂದಿಕೊಂಡಿತು, ಕಾಫಿಯ ಹಿಂದೆಯೇ ದೋಸೆ ಹೋಯಿತು. ಹೊಸ ಹಿಮ ಬಿದ್ದು ಕೆಂಪು ಮುಚ್ಚಿಹೋದಾಗಲೆಲ್ಲ ಮುದುಕರು ಬಂದು ಮೇಲಿನ ಪದರ ಕೆರೆದು ಹೋಗುತ್ತಿದ್ದರು. ಕೇಳಿದರೆ, ನಿನ್ನ ಅಂಗಡಿಯ ಬೋರ್ಡಿನ ಧೂಳು ಒರೆಸುತ್ತಿದ್ದೇನೆ ಅನ್ನುತ್ತಿದ್ದರು.

ವಸಂತದಲ್ಲಿ ಒಡತಿ ಬಂದಾಗ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ನಿಂತೇ ದೋಸೆ ತಿಂದು ಹೊಸ ಕರಾರಿಗೆ ಸಹಿ ಹಾಕಿದರು. ಎಲ್ಲ ಕುಂಬಳಕಾಯಿಯ ಮಹಿಮೆ ಅಂದಳು ಹೆಂಡತಿ. ದೋಸೆ ಹುಯ್ದ ಕೈ ಯಾರದು ಎಂದು ನಾನು ಕೇಳಿಯೇ ಕೇಳಿದೆ.

ಮಾರನೆಯ ದಿನ ಮುದುಕರು ಒಂದು ಸಿಹಿಗುಂಬಳ ತಂದು ನನ್ನ ಗಲ್ಲಾದ ಪಕ್ಕ ಇಟ್ಟರು. ತಮ್ಮ ಅಂಗಡಿಗಂತೆ.

“ಈಗ ಹಿಮ ಕರಗಿದೆ,” ಅಂದರು. “ಒಂದೇ ಏಟಿಗೆ ಒಡೆಯುತ್ತದೆ, ಅಲ್ಲವೇ?”