ಕೋರ್ಟಿಗೆ ಒಯ್ದ ಕಲ್ಲುಪ್ಪು

ಅಮೆರಿಕದ ಡ್ರಗ್ ಕೋರ್ಟಿನಲ್ಲಿ ಚಪ್ಪಾಳೆ ತಟ್ಟುತ್ತಾರೆ. ಮೊದಲ ಸಲ ಕೇಳಿದಾಗ ನಾನು ಬೆಚ್ಚಿಬಿದ್ದಿದ್ದೆ. ಮಂಡಿ ಆಪರೇಷನ್ನಿಗೆ ಕೊಟ್ಟ ನೋವಿನ ಮಾತ್ರೆಗಳನ್ನು ಬಿಡಲಾಗದೆ, ಕೊನೆಗೆ ಯಾರದೋ ಕೈಯಿಂದ ಕೊಳ್ಳುವಾಗ ಸಿಕ್ಕಿಬಿದ್ದ ನನ್ನ ಮೊಮ್ಮಗಳಿಗೆ ಜಡ್ಜಮ್ಮ ಜೈಲಿನ ಬದಲು ಟ್ರೀಟ್‌ಮೆಂಟು ಕೊಟ್ಟಿದ್ದರು. ಕೌನ್ಸೆಲಿಂಗು, ಯೂರಿನ್ ಟೆಸ್ಟು, ಆಮೇಲೆ ಎಲ್ಲರೆದುರು ಹಾಜರಿ. ಟೆಸ್ಟು ಕ್ಲೀನ್ ಎಂದರೆ ಜಡ್ಜಮ್ಮನಿಂದ ಹಿಡಿದು ಬಾಗಿಲ ಬಳಿಯ ಪೊಲೀಸಿನವನವರೆಗೆ ಚಪ್ಪಾಳೆಯೋ ಚಪ್ಪಾಳೆ! ನನ್ನ ಕಾನ್ವೆಂಟಿನ ಸಿಸ್ಟರುಗಳು ನಾನು ಭಾಷಣಕ್ಕೆ ಗೆದ್ದ ಎಲೊಕ್ಯೂಷನ್ ಪ್ರೈಜಿಗೂ ಎರಡೇ ಬೆರಳಲ್ಲಿ ತಟ್ಟುತ್ತಿದ್ದರು. ಆಮೇಲೆ ನನಗೆ ಯಾರೂ ತಟ್ಟಲಿಲ್ಲ.

ಇಷ್ಟೊಂದು ಚಪ್ಪಾಳೆ ಬಿದ್ದರೆ ಮಗುವಿಗೆ ದೃಷ್ಟಿಯಾಗದೆ ಇದ್ದೀತೆ? ಅವಳ ಗ್ರ್ಯಾಜುಯೇಷನ್ನಿನ ದಿನ, ಎಂದರೆ ಕೇಸು ಪೂರ್ತಿ ವಜಾ ಆಗಬೇಕಿದ್ದ ದಿನ, ಕಲ್ಲುಪ್ಪನ್ನು ಕಾಗದದಲ್ಲಿ ಕಟ್ಟಿ ಹ್ಯಾಂಡ್‌ಬ್ಯಾಗಿಗೆ ಸೇರಿಸಿದೆ. ಯೂನಿಯನ್ ಸಿಟಿಯಿಂದ ಕರೆತಂದ ಮಗಳು ನಮ್ಮನ್ನು ಇಳಿಸಿ ಪಾರ್ಕಿಂಗು ಹುಡುಕಲು ಹೋದಳು. ನನ್ನ ಬ್ಯಾಗು ಹೊತ್ತದ್ದು ಮೊಮ್ಮಗಳು.

ಸೆಕ್ಯುರಿಟಿ ಆಫೀಸರು ಪೊಟ್ಟಣ ಬಿಚ್ಚಿದ. ಬಿಳಿ ಹರಳು!

"ಇಟ್ಸ್ ಮೈ ಗ್ರ್ಯಾಂಡ್‌ಮದರ್ಸ್," ಎಂದಳು ಮೊಮ್ಮಗಳು.

ಆ ಬಾಗಿಲಲ್ಲಿ ಎಷ್ಟು ಜನರ ಅಜ್ಜಿಯರ ಪೊಟ್ಟಣ ಕಂಡಿದ್ದನೋ ಪುಣ್ಯಾತ್ಮ, ಹುಬ್ಬೂ ಅಲುಗಿಸಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಡ್ರಗ್ಸ್ ಎಂಬ ಅವನ ಅನುಮಾನ ನಿಜವೆಂದಾದರೆ ಗ್ರ್ಯಾಜುಯೇಷನ್ ಇಲ್ಲ, ಜೈಲು. ನಾನು ತಡಮಾಡದೆ ಒಂದು ಹರಳು ಬಾಯಿಗೆ ಹಾಕಿಕೊಂಡೆ.

"ಅಜ್ಜೀ! ಓ ಮೈ ಗಾಡ್, ಡೋಂಟ್ ಈಟ್ ದಿ ಎವಿಡೆನ್ಸ್!"

"ಉಪ್ಪು ಕಣೇ! ಆಫೀಸರ್, ಓನ್ಲಿ ಸಾಲ್ಟ್. ಪ್ಲೀಸ್ ಟೇಕ್ ಎ ಲಿಟಲ್."

ಅವನು ತೆಗೆದುಕೊಳ್ಳಲಿಲ್ಲ. ಪೊಟ್ಟಣವನ್ನು ಟೆಸ್ಟಿಗೆ ಕಳಿಸಿ, ನಮ್ಮ ಬೆನ್ನಿಗೇ ಕೋರ್ಟ್‌ರೂಮಿಗೆ ಬಂದು ನಿಂತ. ಮೊಮ್ಮಗಳ ಹೆಸರು ಕರೆಯುವುದಕ್ಕೂ ಪೊಟ್ಟಣ ವಾಪಸ್ಸು ಬರುವುದಕ್ಕೂ ಸರಿಹೋಯಿತು.

"ಯುವರ್ ಆನರ್, ಇಟ್ ಈಸ್ ಸಾಲ್ಟ್," ಎಂದ, ತುಸು ನಿರಾಸೆಯಿಂದಲೇ.

ಯಾಕೆ ತಂದಿರಿ ಎಂದು ಜಡ್ಜಮ್ಮ ಕೇಳಿದರು. ನಾನು ಎದ್ದು, ಬೆನ್ನು ನೆಟ್ಟಗೆ ಮಾಡಿ, ಪ್ರೈಜು ಗೆದ್ದ ಅದೇ ದನಿಯಲ್ಲಿ ದೃಷ್ಟಿ ತೆಗೆಯುವುದನ್ನು ವಿವರಿಸಿದೆ.

"ಸೋ, ತಪ್ಪು ನಮ್ಮ ಚಪ್ಪಾಳೆಯದು?" ಎಂಬರ್ಥದಲ್ಲಿ ಕೇಳಿದರು.

"ಪಾರ್ಟ್ಲಿ, ಯುವರ್ ಆನರ್."

ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕೇಸು ವಜಾ ಎಂದರು. "ಮೇ ವೀ ಕ್ಲ್ಯಾಪ್?"

"ಪ್ಲೀಸ್ ಡೂ. ಐ ಹ್ಯಾವ್ ಇನಫ್ ಸಾಲ್ಟ್."

ಅಬ್ಬಾ, ಆ ಸದ್ದು! ಆಫೀಸರೂ ತಟ್ಟಿದ.

ಪಾರ್ಕಿಂಗ್ ಲಾಟಿನಲ್ಲಿ ಮೊಮ್ಮಗಳಿಗೆ ಉಪ್ಪು ನಿವಾಳಿಸಿ, ಮುಷ್ಟಿಗೆ ಮೂರು ಸಲ ಉಗುಳಿಸಿದೆ. "ನೆಕ್ಸ್ಟ್ ಮೀ, ಗ್ರ್ಯಾಂಡ್‌ಮಾ!" ಎಂದ ಅವಳ ಕೌನ್ಸೆಲಿಂಗ್ ಗ್ರೂಪಿನ ಒಬ್ಬ ದೈತ್ಯ, ಕತ್ತಿನ ತುಂಬ ಹಚ್ಚೆ. ನನ್ನ ಕೈ ತಲೆಗೆ ಎಟುಕದೆಂದು ಮಂಡಿಯೂರಿದ. ಅವನ ಹಿಂದೆ ಒಂದು ಸಾಲೇ ನಿಂತಿತು. ಮಗಳು ನಾಚಿಕೆಯಿಂದ ಕಾರಿನೊಳಗೆ ಕೂತುಬಿಟ್ಟಳು.

ಎಲ್ಲರೂ ಹೋದ ಮೇಲೆ ಮೊಮ್ಮಗಳು ಹತ್ತಿರ ಬಂದಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ.

"ಅಜ್ಜಿ, ಇನ್ನೊಂದ್ಸಲ ತೆಗಿ. ಜಸ್ಟ್ ಇನ್ ಕೇಸ್."

ನಾಳೆಯಿಂದ ಅವಳಿಗೆ ಟೆಸ್ಟಿಲ್ಲ, ಹಾಜರಿಯಿಲ್ಲ, ಚಪ್ಪಾಳೆಯೂ ಇಲ್ಲ. ಕಾಗದ ಕೊಡವಿ, ಉಳಿದಿದ್ದ ಹರಳುಗಳನ್ನು ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಪಾದದವರೆಗೆ ನಿಧಾನವಾಗಿ ಇಳಿಸಿದೆ.

"ಉಗುಳು," ಎಂದೆ.

ನಗುತ್ತಲೇ ಉಗುಳಿದಳು. ಅರ್ಧ ನನ್ನ ರೇಷ್ಮೆ ಸೀರೆಯ ಮೇಲೆ.