ನಾನು ಅಂದದ್ದು ‘ಆಯ್ತು’

ಮುಕುಂದ, ಆ ದಿನ ನಾನು ‘ಆಯ್ತು’ ಎಂದೇ ಹೇಳಿದ್ದೆ. ನಿನ್ನ ಕಿವಿ ಸರಿಯಾಗಿಯೇ ಕೇಳಿತ್ತು. ಓಟ ಮುಗಿದಿಲ್ಲವೆಂದು ಗೊತ್ತಿದ್ದೂ ಹೇಳಿದೆ — ನೀನು ನಿಲ್ಲಲಿ ಎಂದೇ ಹೇಳಿದೆ.

ನೀನು ಈಗ ಎಲ್ಲಿರುವೆಯೋ ತಿಳಿಯದು. ಇದನ್ನು ಓದುವ ಬೇರೆಯವರಿಗೆ ನಾವು ಯಾರೆಂದು ಹೇಳಬೇಕಲ್ಲ. ನೀನು ಚೆಂಬೂರು ಸ್ಟೇಷನ್ ಬಳಿಯ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ನಾನು ಧಾರವಾಡದಿಂದ ಬಂದ ಗುಮಾಸ್ತ, ಗುಂಡೂರಾವ್. ನನ್ನ ಊರು ಇನ್ನೂ ಮುಂಬಯಿ ಪ್ರಾಂತದಲ್ಲಿ, ಉಡುಪಿ ಕಡೆಯ ನಿನ್ನ ಊರು ಮದ್ರಾಸ್ ಪ್ರಾಂತದಲ್ಲಿ ಇದ್ದ ಕಾಲ. ನನಗೆ ಯಾವ ಆಟವೂ ಬರುತ್ತಿರಲಿಲ್ಲ, ಮೈದಾನದ ಹುಚ್ಚು ಮಾತ್ರ ವಿಪರೀತ. ಹಾಗಾಗಿ ಕನ್ನಡ ಸಂಘದ ಕ್ರೀಡಾಕೂಟಕ್ಕೆ ಸ್ವಯಂಸೇವಕನಾದೆ. ಸುಣ್ಣದ ಗೆರೆ ಎಳೆಯುತ್ತಿದ್ದೆ, ಹಗ್ಗ ಕಟ್ಟುತ್ತಿದ್ದೆ, ಓಟಗಾರರ ಸುತ್ತು ಎಣಿಸುತ್ತಿದ್ದೆ. ಎದೆಗೆ ಕೆಂಪು ರಿಬ್ಬನ್ನಿನ ಬಿಲ್ಲೆ ಚುಚ್ಚಿಕೊಂಡರೆ ನನ್ನನ್ನು ಹಿಡಿಯುವವರಿರಲಿಲ್ಲ.

ಆ ವರ್ಷ ಹನ್ನೆರಡು ಸುತ್ತಿನ ಓಟ ನೋಡಲು ಪರೇಲಿನ ಗಿರಣಿಯೊಂದರ ಅಧಿಕಾರಿಗಳು ಬಂದಿದ್ದರು. ಗೆದ್ದವನಿಗೆ ಗಿರಣಿಯ ತಂಡದಲ್ಲಿ ಜಾಗ — ಅಂದರೆ ಕಾಯಂ ನೌಕರಿ, ಚಾಳಿನಲ್ಲಿ ಒಂದು ಖೋಲಿ. ನೀನು ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದವನು. ಮದುವೆಯಾಗಿ ನಾಲ್ಕು ವರ್ಷವಾದರೂ ಹೆಂಡತಿ ಊರಿನಲ್ಲಿ. ಖೋಲಿ ಸಿಕ್ಕ ವಾರವೇ ಅವಳನ್ನು ಕರೆತರುತ್ತೇನೆಂದು ಚಹಾ ಇಡುತ್ತ ನೀನೇ ನನಗೆ ಹೇಳಿದ್ದೆ. ನಾನು ಅರಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಕಾರಣ ಇಷ್ಟೇ — ಬರೆಯಲೂ ನಾಚಿಕೆ. ಆ ಬೆಳಿಗ್ಗೆ ನಾನು ಎಲ್ಲರ ಮೇಲೂ ಹಾರಾಡುತ್ತಿದ್ದಾಗ ನೀನು ನಗುತ್ತ, “ಕೂತ್ಕೊಳ್ಳಿ ಮಾರಾಯ್ರೆ, ನಿಮ್ಮ ಬಿಲ್ಲೆಗೂ ಒಂದು ಕುರ್ಚಿ ತರ್ತೇನೆ” ಅಂದೆ. ಸಂಘದ ಹೆಣ್ಣುಮಕ್ಕಳು ಕೂಡ ನಕ್ಕರು. ನೀನು ಅಲ್ಲಿಗೇ ಮರೆತೆ. ನಾನು ಮರೆಯಲಿಲ್ಲ.

ನಿನ್ನ ಸುತ್ತು ಎಣಿಸುವ ಕೆಲಸ ನನಗೇ ಬಂದಿತ್ತು. ನಾಲ್ಕನೆಯ ಸುತ್ತಿನಲ್ಲಿ ನೀನು ನೀರು ಇಡಲು ಹೇಳಿದೆ, ನಾನು ‘ಆತು’ ಅಂದೆ. ನಮ್ಮ ಕಡೆಯ ಮಾತು. ಪಕ್ಕದಲ್ಲಿದ್ದ ಪಂಚರೂ, ಅಂದರೆ ಓಟದ ತೀರ್ಪುಗಾರರೂ, ಕೇಳಿಸಿಕೊಂಡರು. ಹನ್ನೊಂದನೆಯ ಸುತ್ತು ಮುಗಿಸುವಾಗ ನೀನು ಎಲ್ಲರಿಗಿಂತ ಬಹಳ ಮುಂದಿದ್ದೆ. ಉಸಿರು ಸಾಲದೆ ಕೇಳಿದೆ — “ಆಯ್ತಾ?”

ಪಂಚರು ಆಗ ಆಚೆ ಗಿರಣಿಯವರೊಡನೆ ಮಾತಿನಲ್ಲಿದ್ದರು. ನಾನು “ಆಯ್ತು” ಅಂದೆ. ಹುಟ್ಟಿದಂದಿನಿಂದ ‘ಆತು’ ಎನ್ನುವ ಬಾಯಿ ಅಂದು ನಿನ್ನ ಕಡೆಯ ಕನ್ನಡ ಆಡಿತು. ನಿನಗೆ ತಪ್ಪಿಯೂ ಬೇರೆ ಅರ್ಥವಾಗಬಾರದಿತ್ತು ನೋಡು.

ನೀನು ಎರಡೂ ಕೈ ಎತ್ತಿ ಹುಲ್ಲಿನ ಮೇಲೆ ಕುಸಿದೆ. ಜನ ಕೂಗುವಷ್ಟರಲ್ಲಿ ಮೂವರು ನಿನ್ನನ್ನು ದಾಟಿದ್ದರು. ಎದ್ದು ಓಡಲು ಹೋದೆ, ಕಾಲು ಸೆಟೆದುಕೊಂಡಿತ್ತು — ನಾನು ನೋಡುತ್ತ ನಿಂತಿದ್ದೆ. ನನಗೆ ಸಂತೋಷವಾಗುತ್ತಿತ್ತು.

ಪಂಚರು ಕೇಳಿದಾಗ ಉತ್ತರ ಸಿದ್ಧವಾಗಿತ್ತು. “ನೀರ ಇಡ್ರಿ ಅಂದಾ, ನಾ ಆತು ಅಂದ್ನಿ. ನಮ್ಮ ಕಡೆ ಹೂಂ ಅನ್ನೂದಕ್ಕ ಆತು ಅಂತೀವ್ರಿ. ಇಂವಾ ಮದ್ರಾಸ ಪ್ರಾಂತದಾಂವ, ಓಟ ಮುಗೀತು ಅಂತ ತಿಳಕೊಂಡಾನ. ನಾ ಏನ ಮಾಡ್ಲಿ?” ಎಲ್ಲರೂ ನಕ್ಕರು. ‘ಆತು’ ಎಂದದ್ದನ್ನು ಪಂಚರೇ ಕೇಳಿದ್ದರಲ್ಲ! ಯಾವ ಸುತ್ತಿನಲ್ಲಿ ಎಂದು ಯಾರೂ ಕೇಳಲಿಲ್ಲ.

ಅಷ್ಟಕ್ಕೂ ನಾನು ಬಿಡಲಿಲ್ಲ. ಗೆಳೆಯರ ಜೊತೆ ಹೋಟೆಲಿಗೆ ಬಂದು, ಬೇಕೆಂದೇ ನಿನ್ನ ಕಡೆಯ ಟೇಬಲ್ಲಿಗೆ ಕೂತು, “ಮುಕುಂದಾ, ಚಹಾ ಆಯ್ತಾ?” ಎಂದು ರಾಗ ಎಳೆಯುತ್ತಿದ್ದೆ. ಕ್ರಮೇಣ ಗುರುತಿಲ್ಲದ ಗಿರಾಕಿಗಳೂ ಅದನ್ನೇ ಕಲಿತರು. ನೀನು ತಲೆ ತಗ್ಗಿಸಿ ಲೋಟ ಇಟ್ಟು ಹೋಗುತ್ತಿದ್ದೆ.

ಮರುವರ್ಷ ನಾನು ಸಂಘದಲ್ಲಿ ಓಟಗಾರರ ಹೆಸರು ಬರೆದುಕೊಳ್ಳುತ್ತ ಕೂತಿದ್ದಾಗ ನೀನು ಬಂದೆ. ಹೋಟೆಲು ಬಿಟ್ಟು ಊರಿಗೆ ಹೊರಟಿದ್ದೆ.

“ಹೆಸರು ಕೊಡ್ಲಿಕ್ಕೆ ಬಂದದ್ದಲ್ಲ ರಾಯರೇ. ಆವತ್ತು ನೀವು ಆಯ್ತು ಅಂತ್ಲೇ ಹೇಳಿದ್ದಲ್ವಾ? ಜಗಳಕ್ಕೆ ಬಂದದ್ದಲ್ಲ. ನಾನು ಯಾಕೆ ನಿಂತದ್ದು ಅಂತ ಹೆಂಡ್ತಿ ಕಾಗದದಲ್ಲಿ ಕೇಳ್ತಾಳೆ. ನಂಗೆ ಹೇಳ್ಲಿಕ್ಕೆ ಗೊತ್ತಾಗುದಿಲ್ಲ.”

ಕೋಣೆಯಲ್ಲಿ ನಾವಿಬ್ಬರೇ. ಒಂದು ‘ಹೌದು’ — ಅಷ್ಟು ಸಾಕಿತ್ತು. ನಾನು, “ನಿನ್ನ ಕಿವೀದ ತಪ್ಪದು. ನನ್ನ ಬಾಯಾಗ ಆತು ಬಿಟ್ಟು ಬ್ಯಾರೆ ಯಾವಾಗರ ಬಂದದ ಏನು?” ಅಂದೆ.

ನೀನು, “ಹಾಗಾದ್ರೆ ನಂದೇ ತಪ್ಪು. ಸುಮ್ಮನೆ ನಿಮ್ಮ ಮೇಲೆ ಸಂಶಯ ಇಟ್ಕೊಂಡೆ, ಮನಸ್ಸಲ್ಲಿ ಬೈದದ್ದೂ ಉಂಟು. ಕ್ಷಮಿಸ್ಬೇಕು” ಎಂದು ಕೈ ಮುಗಿದೆ.

ನಾನು ಕುರ್ಚಿಯಿಂದ ಏಳಲಿಲ್ಲ. “ಇರ್ಲಿ ಬಿಡು” ಅಂದೆ. ಆ ಗಳಿಗೆಯಲ್ಲಿ ನಾನು ದೊಡ್ಡ ಮನಸ್ಸಿನವನೆಂದೇ ನನಗೆ ಅನಿಸಿತು. ಸಂಜೆ ಗೆಳೆಯರ ಮುಂದೆಯೂ ಹೇಳಿಕೊಂಡೆ — ಮುಕುಂದನನ್ನು ಕ್ಷಮಿಸಿಬಿಟ್ಟೆ ಎಂದು.

ನಿನ್ನ ಹೆಂಡತಿ ಇನ್ನೂ ಕೇಳುತ್ತಿದ್ದರೆ ಹೇಳು. ನೀನಾಗಿ ನಿಲ್ಲಲಿಲ್ಲ, ಗುಂಡೂರಾವ್ ನಿಲ್ಲಿಸಿದ.