ಒಂದೇ ತೆನೆಯ ಬೀಜ

ಮಾನ್ವಿಯ ಒಂದು ಹಾಸ್ಟೆಲಿನಲ್ಲಿ ಬಾಲಮ್ಮ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಾಳೆ. ಮನೆಯ ಹಿಂದೆ ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಅಗಲದ ಹಿತ್ತಲಿದೆ. ಅದರಲ್ಲಿ ಆಕೆ ಬೆಳೆಯುತ್ತಿದ್ದದ್ದು ತನ್ನ ತಾಯಿಯ ಮೆಕ್ಕೆಜೋಳ. ಕಾಳು ಇಟ್ಟಿಗೆ ಕೆಂಪು. ಸುಟ್ಟರೆ ಸಿಪ್ಪೆ ಬಿರಿದು ಒಳಗಿನ ಬಿಳುಪು ಕಾಣುತ್ತಿತ್ತು. ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ.

ತಾಯಿ ದುರುಗಮ್ಮ ದೇವದುರ್ಗದ ಕಡೆಯ ಹಳ್ಳಿಯವಳು, 2013ರಲ್ಲಿ ತೀರಿಕೊಂಡಳು. ಮೂರನೆಯ ದಿನ ಊರು ಬಿಡುವಾಗ ಬಾಲಮ್ಮ ಜಂತಿಗೆ ಕಟ್ಟಿದ್ದ ಗೊಂಚಲಿನಿಂದ ಎಲ್ಲಕ್ಕಿಂತ ದೊಡ್ಡ ತೆನೆಯೊಂದನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಳು. ತವರಿನಿಂದ ಆಕೆ ತಂದದ್ದು ಅಷ್ಟೇ.

ಮೊದಲ ಮಳೆಗಾಲದಲ್ಲಿ ಗಿಡಗಳು ಅವಳ ತಲೆಗಿಂತ ಎತ್ತರ ಬೆಳೆದವು. ಜೋಳದ ಸೀಮೆಯಲ್ಲಿ ಹುಟ್ಟಿದವಳಿಗೆ ಬೀಜ ಆರಿಸುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇದ್ದುದರಲ್ಲಿ ತುಂಬಿದ ಒಂದು ತೆನೆಯನ್ನು ಎತ್ತಿಟ್ಟಳು, ಮರುವರ್ಷ ಅದನ್ನೇ ಬಿತ್ತಿದಳು. ಹತ್ತು ವರ್ಷ ಹಾಗೆಯೇ ನಡೆಯಿತು.

ಐದನೆಯ ವರ್ಷದಿಂದ ಗಿಡ ಕುಗ್ಗತೊಡಗಿತು. ಬಾಲಮ್ಮ ಮೊದಲು ಬಚ್ಚಲ ನೀರನ್ನು ದೂರಿದಳು, ಆಮೇಲೆ ಮಣ್ಣನ್ನು. ಎರಡು ಬಂಡಿ ಗೊಬ್ಬರ ಹಾಕಿಸಿದಳು. ಗಿಡ ಸೊಂಟದ ಮೇಲೆ ಏಳಲಿಲ್ಲ, ತೆನೆಯಲ್ಲಿ ಕಾಳಿಗಿಂತ ಸಂದುಗಳೇ ಹೆಚ್ಚಾದವು. ಪಕ್ಕದ ಮನೆಯ ವಾಹಿದಾ ಗೋಡೆಯಾಚೆಯಿಂದ ನಗುತ್ತಿದ್ದಳು: "ಬಾಲಕ್ಕಾ, ನಿನ್ನ ತೆನಿ ಹಲ್ಲು ಉದುರಿದ ಮುದುಕಿ ಆಗ್ಯಾವ ನೋಡು! ಹಲ್ಲು ಕಟ್ಟಿಸಿಕೊಂಡು ಬಾ ಹೋಗು, ರಾಯಚೂರಿಗೆ!"

2023ರ ದಸರಾ ರಜೆಯಲ್ಲಿ ಅಕ್ಕನ ಮಗಳು ಸುಜಾತಾ ಬಂದಳು. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಹಿತ್ತಲಲ್ಲಿ ನಿಂತು ತೆನೆಗಳನ್ನು ಒಂದೊಂದಾಗಿ ಸುಲಿದು ನೋಡಿದಳು. ಎಲ್ಲ ಸೇರಿ ಇಪ್ಪತ್ತಾರು ಕಾಳು.

"ಸಣ್ಣವ್ವಾ, ಬೀಜ ಎಷ್ಟು ತೆನಿಯಿಂದ ತಗೀತಿ?"

"ಒಂದರಿಂದ. ಛಲೋದು ಒಂದು ಸಾಕಲ್ಲ? ಜೋಳಕ್ಕ ಎಲ್ಲಾರೂ ಹಂಗೇ ತಗೀತಾರ."

"ಇದು ಜೋಳ ಅಲ್ಲ."

"ಮೆಕ್ಕಿಜೋಳ ಜೋಳ ಅಲ್ದ ಮತ್ತೇನ್ ಬೇ, ಶೇಂಗಾ ಏನು?"

ಸುಜಾತಾ ನಗಲಿಲ್ಲ. ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದಳು. ಜೋಳದ ಹೂವು ಬಹುಪಾಲು ತನ್ನದೇ ಪರಾಗದ ಪುಡಿಯಿಂದ ಕಾಳುಗಟ್ಟುತ್ತದೆ; ಒಂದೇ ತೆನೆಯ ಬೀಜ ಇಟ್ಟರೂ ಕೆಡುವುದಿಲ್ಲ. ಮೆಕ್ಕೆಜೋಳಕ್ಕೆ ಬೇರೆ ಗಿಡದ ಪುಡಿ ಬೇಕು. ಬೀಜವೂ ಹತ್ತಾರು ತೆನೆಗಳಿಂದ ಬರಬೇಕು. "ಒಂದೇ ಹೊಟ್ಟಿಯವು ತಮ್ಮತಮ್ಮೊಳಗ ಹತ್ತು ವರ್ಷ ಲಗ್ನ ಆದಂಗ ಆಗ್ಯದ ಸಣ್ಣವ್ವಾ."

ಬಾಲಮ್ಮ ಸುಲಿದ ತೆನೆಯೊಂದನ್ನು ಕೈಗೆತ್ತಿಕೊಂಡಳು. "ಅವ್ವ ಬಿತ್ತೂ ಮುಂದ ಓಣಿ ಹೆಂಗಸರೆಲ್ಲ ಬರ್ತಿದ್ರು. ಒಂದೇ ಮೊರದಾಗ ಮುಷ್ಟಿಮುಷ್ಟಿ ಬೀಜ ಹಾಕಿ, ಕಲಸಿ, ಮತ್ತ ಹಂಚಕೊಂತಿದ್ರು. ನಾ ಅದನ್ನ ಮಾತಾಡಾಕ ಒಂದು ನೆವ ಅಂದ್ಕೊಂಡಿದ್ದೆ."

ಆ ಓಣಿಯಲ್ಲಿ ಯಾರ ಬಳಿಯಾದರೂ ಅದೇ ಬೀಜ ಉಳಿದಿದ್ದರೆ ಇವಳದಕ್ಕೆ ಕಲಸಬಹುದಿತ್ತು. ಭಾನುವಾರ ಇಬ್ಬರೂ ಬಸ್ಸು ಹಿಡಿದು ಆ ಹಳ್ಳಿಗೆ ಹೋದರು. ಹನ್ನೊಂದು ಮನೆ ತಿರುಗಿದರು. ಹೊಲಗಳಲ್ಲಿ ಹತ್ತಿ, ಕಾಲುವೆ ಕೆಳಗೆ ನೆಲ್ಲು, ಮೆಕ್ಕೆಜೋಳವೆಂದರೆ ಕಂಪನಿ ಪಾಕೀಟಿನ ಹೈಬ್ರಿಡ್. ಕೊನೆಯ ಮನೆಯ ಹಂಪಮ್ಮ ದುರುಗಮ್ಮನ ಓರಗೆಯವಳು. ಕಣ್ಣು ಮಂಜಾಗಿದ್ದರೂ ದನಿಯಿಂದಲೇ ಗುರುತಿಸಿದಳು.

"ಕೆಂಪಂದಾ? ಇತ್ತಲ್ಲೇ ಯವ್ವಾ, ಒಂದು ಗಡಿಗಿ ಇತ್ತು. ಬಿತ್ತೋರು ಯಾರಿಲ್ಲಂತ ಹೋದ ವರ್ಷ ಕೋಳಿಗೆ ಹಾಕಿಬಿಟ್ಟೆ. ಹೋದ ವರ್ಷ ಬರಬಾರ್ದಾಗಿತ್ತೇನ ನೀನು?"

ಮನೆಗೆ ವಾಪಸು ಬಂದವಳೇ ಬಾಲಮ್ಮ ಆ ಇಪ್ಪತ್ತಾರು ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಎತ್ತಿಟ್ಟಳು.

2024ರ ಜೂನಿನಲ್ಲಿ ಇಪ್ಪತ್ತಾರೂ ಕಾಳು ಬಿತ್ತಿದಳು. ಹನ್ನೊಂದು ಮೊಳೆತವು. ಆಗಸ್ಟಿನಲ್ಲಿ ಗಿಡಗಳ ತುದಿಯ ಗರಿಯಂಥ ಗಂಡುಹೂಗಳು ಬಿರಿದು, ಪುಡಿ ಉದುರಿಸಿ, ಒಣಗಿಯೂ ಹೋದವು. ಆ ಪುಡಿ ಹಿಡಿಯಬೇಕಾದ ತೆನೆಯ ರೇಷ್ಮೆ ಎಳೆಗಳು ಹೊರಬಂದದ್ದು ಒಂಬತ್ತು ದಿನ ತಡವಾಗಿ, ಅದೂ ಎರಡೇ ಗಿಡಗಳಲ್ಲಿ. ಬಲಗೆಟ್ಟ ತಳಿಯಲ್ಲಿ ಹೀಗಾಗುತ್ತದೆ. ರೇಷ್ಮೆಗೆ ಬೀಳಬೇಕಾದ ಪುಡಿ ಆಗ ಹಿತ್ತಲಲ್ಲಿ ಎಲ್ಲೂ ಇರಲಿಲ್ಲ.

ಗೋಡೆಯಾಚೆ ಇತ್ತು. ವಾಹಿದಾ ಆ ವರ್ಷ ಮೊದಲ ಸಲ ಪಾಕೀಟಿನ ಬೀಜ ಊರಿದ್ದಳು. ಆಳೆತ್ತರದ ಗಿಡಗಳು ಹಳದಿ ಪುಡಿ ಚೆಲ್ಲುತ್ತಿದ್ದವು. ಈ ಸಲ ಅವಳು ನಗಲಿಲ್ಲ. "ಹಾಳಿ ಹಿಡಿದು ಪುಡಿ ಜಾಡಿಸಿಕೋ ಬಾಲಕ್ಕಾ. ನನಗೇನ್ ಕಮ್ಮಿ ಆಗಲ್ಲ."

ಸುಜಾತಾ ಫೋನಿನಲ್ಲಿ ಅದನ್ನೇ ಹೇಳಿದಳು. "ಹಾಕು ಸಣ್ಣವ್ವಾ. ಅರ್ಧ ಆಯಿದು, ನಿಮ್ಮವ್ವಂದು, ಉಳೀತದ."

"ಯಾವ ಅರ್ಧ?"

"ಅದನ್ನ ಹೇಳಾಕ ಬರಂಗಿಲ್ಲ."

"ಕೆಂಪಾ? ರುಚಿಯಾ?"

"ಬೆಳದ ಮ್ಯಾಲ ನೋಡಬೇಕು. ನೋಡಿ ಆರಿಸಿಕೊಂತ ಹೋಗಬೇಕು."

"ಹತ್ತು ವರ್ಷ ನಾನೇ ಆರಿಸಿ ಆರಿಸಿ ಕೆಡಿಸೀನಿ ಯವ್ವಾ," ಎಂದಳು ಬಾಲಮ್ಮ. "ಇನ್ನ ನನ್ನ ಕೈಲೆ ಆರಿಸೂದು ಬ್ಯಾಡ."

ಎರಡು ತೆನೆಗಳಿಗೂ ಕಾಗದದ ಚೀಲ ತೊಡಿಸಿ ದಾರ ಕಟ್ಟಿದಳು, ಗಾಳಿಗೂ ಆ ಪುಡಿ ತಾಗದಂತೆ. ಮರುದಿನ ಸುಜಾತಾ ಮತ್ತೆ ಫೋನು ಮಾಡಿದಳು. ಮೂರು ದಿನ ಬಿಟ್ಟು ಮತ್ತೆ. ಇನ್ನೂ ಹೊತ್ತು ಮೀರಿಲ್ಲ ಎಂದಳು. ಬಾಲಮ್ಮ "ಹೂಂ" ಎಂದು ಊಟ ಆಯಿತೇ ಎಂದು ಕೇಳಿದಳು.

ಹದಿಮೂರನೆಯ ದಿನ ಹಾಸ್ಟೆಲಿನಿಂದ ಬಂದವಳು ದಾರ ಬಿಚ್ಚಿದಳು. ರೇಷ್ಮೆ ಕಂದಿ ಎಳೆ ಎಳೆಯಾಗಿ ಬೆರಳಿಗೆ ಅಂಟಿತು. ಒಳಗಿನ ದಿಂಡು ತೋರುಬೆರಳಿನಷ್ಟಿತ್ತು, ನುಣ್ಣಗೆ ಬಿಳಿ, ಒಂದು ಕಾಳೂ ಇಲ್ಲ. ಎರಡನೆಯದೂ ಹಾಗೆಯೇ. ಗಿಡ ಕೀಳಲು ಸೊಂಟಕ್ಕೆ ಸೆರಗು ಬಿಗಿದು ಬಾಗಿದಳು. ಜೋರು ಬೇಕಾಗಲಿಲ್ಲ. ಹನ್ನೊಂದೂ ಒಂದೊಂದೇ ಕೈಗೆ ಕಿತ್ತುಬಂದವು.